ಗಡಿಗಿಂತ ಹಳೆಯದು ಮಾದಪ್ಪನ ದಾರಿ



ಅಂಚೆಟ್ಟಿ ಕಡೆಯ ಕನ್ನಡಿಗರು ಮಾದಪ್ಪನ ಬೆಟ್ಟ ಎನ್ನುತ್ತೇವೆ. ಪಕ್ಕದ ಮನೆಯ ತಮಿಳರು ಮಾದೇಶ್ವರನ್ ಮಲೈ ಎನ್ನುತ್ತಾರೆ. ದೇವರು ಒಬ್ಬನೇ. ಎಪ್ಪತ್ತೇಳು ಮಲೆಯ ಒಡೆಯನೆಂದು ಕಂಸಾಳೆಯವರು ಹಾಡುವ ಈ ಕ್ಷೇತ್ರ ಸುಮಾರು 3,000 ಅಡಿ ಎತ್ತರದಲ್ಲಿದೆ.

ಬೆಟ್ಟವಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯವರೆಗೆ ಅದು ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಮ್ಮ ಹೊಸೂರು ಅದೇ ರಾಜ್ಯದ ಸೇಲಂ ಜಿಲ್ಲೆಯಲ್ಲಿತ್ತು. ಹಾಗಾಗಿ ನಮ್ಮ ಹಿರಿಯರು ಹರಕೆ ಹೊತ್ತು ಹೋದಾಗ ರಾಜ್ಯ ದಾಟುತ್ತಿರಲಿಲ್ಲ, ಕಾವೇರಿಯನ್ನಷ್ಟೇ ದಾಟುತ್ತಿದ್ದರು.

ಈಗಲೂ ಹೊಗೇನಕಲ್ಲಿಗೆ ಹೋಗಿ, ಹರಿಗೋಲಿನಲ್ಲಿ ಆಚೆ ದಡ ಸೇರಿ, ಗೋಪಿನಾಥಂ, ಪಾಲಾರ್ ಮೂಲಕ ಬೆಟ್ಟ ಹತ್ತಬಹುದು. ಹೊಳೆ ತುಂಬಿದಾಗ ಹರಿಗೋಲು ನಿಲ್ಲಿಸುತ್ತಾರೆ. ಆಗ ಮೇಟ್ಟೂರು, ಕೊಳತ್ತೂರು ಸುತ್ತಿಕೊಂಡು ಪಾಲಾರಿಗೆ ಬರಬೇಕು. ಹೊರಡುವ ಮುನ್ನ ನೀರಿನ ಮಟ್ಟ ವಿಚಾರಿಸಿದರೆ ಬಸ್ ಚಾರ್ಜೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ.

ಶಿವರಾತ್ರಿ, ಯುಗಾದಿ, ದೀಪಾವಳಿಗೆ ಜಾತ್ರೆ. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಬೇಡಗಂಪಣ ಕುಲದ ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ನೀರು ಹೊತ್ತು ತರುತ್ತಾರೆ. ಆ ನೀರೇ ಸ್ವಾಮಿಗೆ ಅಭಿಷೇಕ.

ಈ ಕಾಡು 2013ರಿಂದ ವನ್ಯಧಾಮ. ಆನೆಗಳು ಓಡಾಡುವ ದಾರಿ ಅದು. ಕಾಲ್ನಡಿಗೆಯವರು ಹಗಲಲ್ಲೇ, ಗುಂಪಾಗಿ ನಡೆಯಬೇಕು. ಮುಸ್ಸಂಜೆಗೆ ಮುಂಚೆ ತಂಗುವ ಜಾಗ ಸೇರಬೇಕು. ಒಲೆ ಹೂಡಿದರೆ ಕೆಂಡಕ್ಕೆ ನೀರು ಸುರಿದೇ ಏಳಬೇಕು. ಪ್ಲಾಸ್ಟಿಕ್ ಚೀಲವನ್ನು ಹಳ್ಳಕ್ಕೆ ಎಸೆಯಬಾರದು. ಅಭಿಷೇಕದ ನೀರು ಹುಟ್ಟುವುದು ಇದೇ ಕಾಡಿನಲ್ಲಿ. ಅದನ್ನು ಕೆಡಿಸಿ ಮೇಲೆ ಹೋಗಿ ಕೈಮುಗಿದರೆ ಹರಕೆ ತೀರಿದಂತಾಗದು.

ಉಘೇ ಮಾದಪ್ಪ!