ಫ್ರಾನ್ಸ್ ಹಳ್ಳಿಯ ಮನೆ ಮತ್ತು ಆ ಹತ್ತು ದಿನ

ಕಳೆದ ವಾರ ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ. ಕಲ್ಲಿನ ಗೋಡೆ, ನೀಲಿ ಕಿಟಕಿ, ಹಿಂದೆ ಬೆಟ್ಟ. ಕೆಳಗೆ ಒಂದು ಸಾಲು: 'ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲ್ಯಾಟಿಗಿಂತ ಕಮ್ಮಿ ರೇಟು ಕಣೋ, ಸಹಿ ಹಾಕಿ ಬಂದೆ.' ಅವನಿರೋದು ಟುಲೂಸ್‌ನಲ್ಲಿ, ವಿಮಾನ ತಯಾರಿಕೆ ಕೆಲಸ. ಮನೆ ಇರೋದು ಪಿರನೀಸ್ ತಪ್ಪಲಿನ ಹಳ್ಳಿಯಲ್ಲಿ. ದುಡ್ಡು ಅವನೊಬ್ಬನದ್ದಲ್ಲ. ಊರಲ್ಲಿ ಅಪ್ಪ ಸೈಟು ಮಾರಿದ ಹಣವೂ ಅದರಲ್ಲಿದೆ. ನಾನು ಕೇಳಿದ್ದು ಒಂದೇ ಪ್ರಶ್ನೆ: ಯಾವ ಕಾಗದಕ್ಕೆ ಸಹಿ ಹಾಕಿದೆ?

ಮೊದಲು, ಅಲ್ಲಿ ಹಳ್ಳಿ ಮನೆ ಯಾಕೆ ಅಗ್ಗ? ಇಪ್ಪತ್ತನೇ ಶತಮಾನದಲ್ಲಿ ಯುದ್ಧ ಮತ್ತು ನಗರಗಳ ಕೆಲಸ ಫ್ರಾನ್ಸಿನ ಹಳ್ಳಿಗಳಿಂದ ಯುವಕರನ್ನ ಎಳಕೊಂಡು ಹೋದವು. ಮನೆಗಳು ಉಳಿದವು, ಜನ ಉಳಿಯಲಿಲ್ಲ. ಇವತ್ತು ಆ ದೇಶದಲ್ಲಿ ಸುಮಾರು 37 ಲಕ್ಷ 'ಎರಡನೇ ಮನೆ'ಗಳಿವೆ. ಅಂದ್ರೆ ಹತ್ತಿರ ಹತ್ತಿರ ಹತ್ತು ಮನೆಗೊಂದು. ಬಹುಪಾಲು ಫ್ರೆಂಚರದ್ದೇ. ದೋರ್ದೋನ್ಯ್‌ನಂಥ ಕಡೆ ಬ್ರಿಟಿಷರೂ ಸಾಕಷ್ಟಿದ್ದಾರೆ. ವಿದೇಶಿಯರು ಮನೆ ಕೊಳ್ಳೋದಕ್ಕೆ ಅಲ್ಲಿ ಅಡ್ಡಿಯಿಲ್ಲ.

ಇನ್ನು ಕಾಗದದ ವಿಷಯ. ಮೊದಲ ಕರಾರಿನ ಹೆಸರು 'ಕಾಂಪ್ರೊಮಿ ದ ವಾಂತ್'. ನಮ್ಮ ಸೇಲ್ ಅಗ್ರಿಮೆಂಟ್ ಇದ್ದ ಹಾಗೆ. ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಮುಂಗಡ. ಇದಾದ ಮೇಲೆ ಕೊಳ್ಳುವವನಿಗೆ 10 ದಿನ ಕಾಲಾವಕಾಶ. ಕಾರಣ ಹೇಳದೆ ಹಿಂದೆ ಸರಿಯಬಹುದು, ಮುಂಗಡ ಪೂರ್ತಿ ವಾಪಸ್. ಮಾರುವವನಿಗೆ ಈ ಹಕ್ಕಿಲ್ಲ, ಗಮನಿಸಿ. ಅಂತಿಮ ನೋಂದಣಿಗೆ ಸುಮಾರು ಮೂರು ತಿಂಗಳು ಹಿಡಿಯುತ್ತೆ. ಸಾಲ ಸಿಗದಿದ್ದರೆ ಕರಾರು ರದ್ದು ಅನ್ನೋ ಷರತ್ತನ್ನೂ ಅದರಲ್ಲಿ ಬರೆಸಿಕೊಳ್ಳಬೇಕು.

ನೋಂದಣಿ ಮಾಡಿಸೋರು 'ನೊತೇರ್'. ಕೋರ್ಟ್ ಮುಂದೆ ಟೇಬಲ್ ಹಾಕ್ಕೊಂಡು ಸೀಲ್ ಹೊಡೆಯೋ ನಮ್ಮ ನೋಟರಿ ಅಂದ್ಕೋಬೇಡಿ. ಇವರು ಸರ್ಕಾರ ನೇಮಿಸಿದ ಕಾನೂನು ಅಧಿಕಾರಿ. ಹಳೇ ಮನೆಗೆ ಇವರ ಬಿಲ್ಲು ಬೆಲೆಯ ಶೇ. 7ರಿಂದ 8ರಷ್ಟು. ಅದರಲ್ಲಿ ದೊಡ್ಡ ಪಾಲು ತೆರಿಗೆ. ಒಂದು ಲಕ್ಷ ಯೂರೋ ಮನೆ ಅಂದ್ರೆ ಇನ್ನೂ ಏಳೆಂಟು ಸಾವಿರ ಕೈಯಲ್ಲಿರಬೇಕು.

ನನ್ನ ಗೆಳೆಯ ಫೋಟೊ ನೋಡಿದ್ದ, ಫೈಲ್ ನೋಡಿರಲಿಲ್ಲ. ಮಾರುವವರು ತಪಾಸಣಾ ವರದಿಗಳ ಒಂದು ಕಟ್ಟನ್ನೇ ಕೊಡಬೇಕು. 1949ಕ್ಕಿಂತ ಹಳೇ ಮನೆಯಾದರೆ ಬಣ್ಣದಲ್ಲಿ ಸೀಸ ಇದೆಯಾ, ಕೆಲವು ಪ್ರದೇಶಗಳಲ್ಲಿ ಗೆದ್ದಲಿದೆಯಾ, ವೈರಿಂಗ್ ಹೇಗಿದೆ, ಎಲ್ಲ ಅದರಲ್ಲಿರುತ್ತೆ. ಮುಖ್ಯವಾದದ್ದು ಇಂಧನ ದರ್ಜೆ, ಎ ಇಂದ ಜಿ ತನಕ. ಜಿ ಅಂದ್ರೆ ಚಳಿಗಾಲದಲ್ಲಿ ಹೀಟರ್ ಉರಿಸಿದಷ್ಟೂ ಶಾಖ ಗೋಡೆಯಿಂದ, ಸೂರಿನಿಂದ ಆಚೆ ಹೋಗುತ್ತೆ. 2025ರ ಜನವರಿಯಿಂದ ಇಂಥ ಮನೆಯನ್ನ ಯಾರದಾದರೂ ಕಾಯಂ ವಾಸಕ್ಕೆ ಹೊಸದಾಗಿ ಬಾಡಿಗೆ ಕೊಡೋ ಹಾಗೂ ಇಲ್ಲ. ಎಷ್ಟೋ ಹಳ್ಳಿ ಮನೆಗಳಿಗೆ ಒಳಚರಂಡಿ ಇರಲ್ಲ, ಸೆಪ್ಟಿಕ್ ಟ್ಯಾಂಕ್. ಅದು ನಿಯಮದ ಪ್ರಕಾರ ಇಲ್ಲದಿದ್ದರೆ ಕೊಂಡವನು ಒಂದು ವರ್ಷದೊಳಗೆ ಸರಿಪಡಿಸಬೇಕು. ಖರ್ಚು ಅವನದ್ದೇ.

ಕೊಂಡ ಮೇಲೂ ಮುಗಿಯಲ್ಲ. ವಾಸದ ಮನೆಗಿದ್ದ ಒಂದು ಸ್ಥಳೀಯ ತೆರಿಗೆ 2023ರಲ್ಲಿ ಪೂರ್ತಿ ಹೋಯಿತು. ಆದರೆ ಎರಡನೇ ಮನೆಗೆ ಅದು ಹಾಗೇ ಇದೆ. ಮನೆಗಳ ಅಭಾವ ಇರೋ ಊರುಗಳಲ್ಲಿ ಅದರ ಮೇಲೆ ಶೇ. 60ರ ತನಕ ಹೆಚ್ಚುವರಿ ಹಾಕಬಹುದು. ಆಸ್ತಿ ತೆರಿಗೆ ಬೇರೆ. ಇಲ್ಲಿಂದ ಹಣ ಕಳಿಸೋ ಅಪ್ಪಂದಿರಿಗೂ ರಿಸರ್ವ್ ಬ್ಯಾಂಕಿನ ಮಿತಿ ಇದೆ: ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್. ಮಗನ ಹೆಸರಲ್ಲಿ ಮನೆ ಇದೆ ಅಂತ ಅಪ್ಪ ಅಮ್ಮ ಹೋಗಿ ಕಾಯಂ ಕೂರೋಕೂ ಆಗಲ್ಲ. 180 ದಿನದಲ್ಲಿ 90 ದಿನ, ಅದೂ ವೀಸಾ ಸಿಕ್ಕರೆ.

ಲೆಕ್ಕ ತಪ್ಪೋದು ಕಾನೂನು ಗೊತ್ತಿಲ್ಲದವರಿಗೆ ಮಾತ್ರ ಅಂದ್ಕೋಬೇಡಿ. 1965ರಲ್ಲಿ ಆರ್ಲ್ ಪಟ್ಟಣದ ಒಬ್ಬ ನೊತೇರ್, 90 ವರ್ಷದ ಅಜ್ಜಿಯ ಜೊತೆ ಒಪ್ಪಂದ ಮಾಡ್ಕೊಂಡ. ಆಕೆ ಬದುಕಿರೋ ತನಕ ತಿಂಗಳಿಗೆ 2,500 ಫ್ರಾಂಕ್ ಕೊಡೋದು, ಆಮೇಲೆ ಅಪಾರ್ಟ್‌ಮೆಂಟ್ ತನ್ನದು. ಇದಕ್ಕೆ 'ವಿಯಾಜೆ' ಅಂತಾರೆ, ಈಗಲೂ ಇದೆ. ಆ ಅಜ್ಜಿ ಜಾನ್ ಕಾಲ್ಮಾ. 1997ರಲ್ಲಿ, 122ನೇ ವಯಸ್ಸಿಗೆ ತೀರಿಕೊಂಡರು. ನೊತೇರ್ ಅದಕ್ಕೂ ಎರಡು ವರ್ಷ ಮೊದಲೇ ಹೋಗಿದ್ದ, ಆ ಮನೆಯಲ್ಲಿ ಒಂದು ದಿನವೂ ಇರದೆ.

ಇನ್ನೊಂದು ಮಾತು. ಆಗಸ್ಟ್‌ನಲ್ಲಿ ನೋಡಿದ ಹಳ್ಳಿಯನ್ನ ಫೆಬ್ರವರಿಯ ಒಂದು ಸಂಜೆ ಮತ್ತೆ ನೋಡಬೇಕು. ಎಷ್ಟು ಕಿಟಕಿಯಲ್ಲಿ ದೀಪ ಇದೆ, ಬೇಕರಿ ತೆರೆದಿದೆಯಾ, ಡಾಕ್ಟರ್ ಎಷ್ಟು ದೂರ, ಎಣಿಸಬೇಕು. ಬೀಗ ಹಾಕಿದ ಮನೆ ಜಾಸ್ತಿಯಾದ ಊರಲ್ಲಿ ಮೊದಲು ಸ್ಕೂಲು ಮುಚ್ಚುತ್ತೆ, ಆಮೇಲೆ ಅಂಗಡಿ. ಅದಕ್ಕೇ 2024ರ ಕಾನೂನು, ಇಂಥ ಮನೆಗಳು ತೀರಾ ಹೆಚ್ಚಾದ ಊರುಗಳಲ್ಲಿ ಹೊಸದಾಗಿ ಕಟ್ಟೋ ಮನೆಗಳನ್ನ ಕಾಯಂ ವಾಸಿಗಳಿಗೇ ಮೀಸಲಿಡೋ ಅಧಿಕಾರ ಕೊಟ್ಟಿದೆ.

ಗೆಳೆಯ ಕೊನೆಗೂ ಫೈಲ್ ಓದಿದ. ಇಂಧನ ದರ್ಜೆ ಜಿ. ಸೆಪ್ಟಿಕ್ ಟ್ಯಾಂಕ್ ನಿಯಮಕ್ಕೆ ಹೊಂದಲ್ಲ. ಇವತ್ತು ಆರನೇ ದಿನ. ನಾಳೆ ಬೆಳಗ್ಗೆ ಒಬ್ಬ ಗಾರೆ ಮೇಸ್ತ್ರಿಯನ್ನ ಕರ್ಕೊಂಡು ಎಸ್ಟಿಮೇಟ್ ಹಾಕಿಸೋಕೆ ಹೋಗ್ತಿದ್ದಾನೆ. ಕೊಳ್ಳಲಿ, ಬಿಡಲಿ, ಅದು ಅವನ ನಿರ್ಧಾರ. ಆದರೆ ಅಪ್ಪನಿಗೆ ಫೋನ್ ಮಾಡೋವಾಗ ಈ ಸಲ ಅವನ ಕೈಯಲ್ಲಿ ಫೋಟೊ ಜೊತೆಗೆ ಲೆಕ್ಕವೂ ಇರುತ್ತೆ.