ಒಂದೇ ಒಲೆಯ ಅಡುಗೆ, ಮೂರು ಬಗೆಯ ಮೈ

ಒಂದೇ ತಾಯಿಯ ಮಕ್ಕಳು. ಒಂದೇ ಒಲೆಯ ಮೇಲೆ ಬೆಂದ ಅನ್ನ. ಆದರೂ ಹಿರಿಯವನು ಕಡ್ಡಿಯಂತೆ ಒಣಗಿದ್ದಾನೆ; ಮಾತು ಪಟಪಟ, ನಿದ್ದೆ ಅರೆಬರೆ. ನಡುವಿನವಳು ಊಟ ಹತ್ತು ನಿಮಿಷ ತಡವಾದರೆ ಸಿಡಿಮಿಡಿಗೊಳ್ಳುತ್ತಾಳೆ. ಕಿರಿಯವನೋ ಗುಂಡಗೆ, ಸಮಾಧಾನಿ. ಮೂರು ಬಾರಿ ಕೂಗಿದ ಮೇಲೆ ಏಳುವವನು. ‘ಇವನೊಬ್ಬ ಶುದ್ಧ ಸೋಮಾರಿ’ ಎಂದು ತಂದೆ ತೀರ್ಪು ಕೊಟ್ಟುಬಿಡುತ್ತಾರೆ. ಆಯುರ್ವೇದದ ಆಚಾರ್ಯರು ಇಷ್ಟು ಅವಸರದ ತೀರ್ಪನ್ನು ಒಪ್ಪುತ್ತಿರಲಿಲ್ಲ.

ಮನುಷ್ಯನ ಮೈಕಟ್ಟು, ಹಸಿವು, ನಿದ್ದೆ, ಮಾತು, ಮನೋಧರ್ಮ ಇವೆಲ್ಲವೂ ಸೇರಿ ಅವನ ‘ಪ್ರಕೃತಿ’ ಎಂಬುದು ಅವರ ಮತ. ಗರ್ಭ ನೆಲೆಗೊಳ್ಳುವಾಗ ವಾತ, ಪಿತ್ತ, ಕಫಗಳಲ್ಲಿ ಯಾವುದು ಮುಂದಾಗಿರುವುದೋ ಅದರಿಂದ ಪ್ರಕೃತಿ ನಿರ್ಧಾರವಾಗುತ್ತದೆ. ಬಸಿರಿನಲ್ಲಿ ತಾಯಿ ಉಂಡ ಆಹಾರಕ್ಕೂ, ನಡೆಸಿದ ದಿನಚರ್ಯೆಗೂ ಅದರಲ್ಲಿ ಪಾಲುಂಟು ಎಂದು ಚರಕ ಸಂಹಿತೆ ಹೇಳುತ್ತದೆ.

ಆ ಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದ ವಿವರಣೆ ಸೊಗಸಾದುದು. ದೋಷದ ಒಂದೊಂದು ಗುಣದಿಂದ ಮನುಷ್ಯನ ಒಂದೊಂದು ಲಕ್ಷಣವನ್ನು ಅದು ಬಿಡಿಸಿ ತೋರಿಸುತ್ತದೆ. ವಾತವು ಒಣ ಗುಣದ್ದು. ಆದ್ದರಿಂದ ತೆಳುಮೈ, ಒರಟು ದನಿ, ಅಲ್ಪ ನಿದ್ರೆ. ಅದು ಚಂಚಲ, ಆದ್ದರಿಂದ ಹುಬ್ಬು, ಕೈಕಾಲುಗಳು ಒಂದೆಡೆ ನಿಲ್ಲವು. ಅದು ಶೀಘ್ರ, ಆದ್ದರಿಂದ ಬೇಗ ಗ್ರಹಿಕೆ, ಬೇಗ ಮರೆವು, ಬೇಗ ಅಂಜಿಕೆ. ಪಿತ್ತವು ಉಷ್ಣ, ಆದ್ದರಿಂದ ಬಿಸಿಲು ಸಹಿಸದ ಮೈ, ಹೆಚ್ಚು ಹಸಿವು ಬಾಯಾರಿಕೆ, ಬೇಗ ನರೆವ ಕೂದಲು. ಅದು ತೀಕ್ಷ್ಣ; ಆದ್ದರಿಂದ ಚುರುಕಾದ ಜೀರ್ಣಶಕ್ತಿ ಮತ್ತು ಕೆಚ್ಚು. ಕಫವು ಗುರು, ಮಂದ, ಸ್ನಿಗ್ಧ. ಆದ್ದರಿಂದ ತುಂಬಿದ ಅಂಗಾಂಗ, ನಿಧಾನವಾದ ನಡೆನುಡಿ, ಸ್ವಲ್ಪದರಲ್ಲೇ ತಣಿವ ಹಸಿವು.

ಸುಶ್ರುತ ಸಂಹಿತೆಯಂತೂ ಕನಸುಗಳನ್ನೂ ಬಿಟ್ಟಿಲ್ಲ. ವಾತದವನು ಕನಸಿನಲ್ಲಿ ಆಕಾಶದಲ್ಲಿ ಹಾರುತ್ತಾನೆ. ಪಿತ್ತದವನು ಬೆಂಕಿ, ಮಿಂಚು, ಮುತ್ತುಗದ ಹೂಗಳನ್ನು ಕಾಣುತ್ತಾನೆ. ಕಫದವನಿಗೆ ತಾವರೆಗೊಳ, ಹಂಸಗಳು.

ಅಚ್ಚ ಒಂದೇ ಬಗೆಯವರು ವಿರಳ. ಒಂಟಿ ದೋಷದವು ಮೂರು, ಎರಡು ಬೆರೆತವು ಮೂರು, ಮೂರೂ ಸಮವಾಗಿರುವುದೊಂದು. ಹೀಗೆ ಒಟ್ಟು 7 ಪ್ರಕೃತಿಗಳು. ಸಮಪ್ರಕೃತಿಯೇ ಎಲ್ಲಕ್ಕೂ ಶ್ರೇಷ್ಠ. ಒಂಟಿ ದೋಷದವುಗಳಲ್ಲಿ ವಾತ ಹೀನ, ಪಿತ್ತ ಮಧ್ಯಮ, ಕಫ ಉತ್ತಮ ಎಂದು ವಾಗ್ಭಟನು ‘ಅಷ್ಟಾಂಗಹೃದಯ’ದಲ್ಲಿ ಶ್ರೇಣಿ ಕಟ್ಟಿದ್ದಾನೆ. ತಂದೆಯಿಂದ ಸೋಮಾರಿ ಎನಿಸಿಕೊಂಡ ಹುಡುಗ ಶಾಸ್ತ್ರದ ಕಣ್ಣಿನಲ್ಲಿ ಉತ್ತಮನಾಗಿಬಿಟ್ಟ!

ಹಾಗೆಂದು ಪ್ರಕೃತಿಯನ್ನು ಜಾತಕದಂತೆ ಹಿಡಿದು ಕೂರುವುದೂ ಸಲ್ಲದು. ಪ್ರಕೃತಿ ಜೀವಮಾನವಿಡೀ ಬದಲಾಗದು. ವಿಷದಲ್ಲಿ ಹುಟ್ಟಿದ ಹುಳುವನ್ನು ಆ ವಿಷ ಕೊಲ್ಲದಂತೆ, ಹುಟ್ಟಿನಿಂದ ಬಂದ ಪ್ರಕೃತಿ ಮನುಷ್ಯನನ್ನು ಬಾಧಿಸದು ಎನ್ನುತ್ತಾನೆ ಸುಶ್ರುತ. ಈ ಮಾತಿನಲ್ಲಿ ಗೃಹಸ್ಥರು ಮನಗಾಣಬೇಕಾದ ಎಚ್ಚರಿಕೆಯೊಂದಿದೆ. ಬದಲಾದುದು ಪ್ರಕೃತಿಯಲ್ಲ, ವಿಕೃತಿ, ಎಂದರೆ ರೋಗ. ಮೈತುಂಬಿಕೊಂಡು ಸಮಾಧಾನದಿಂದಿದ್ದ ಗೃಹಿಣಿ ಕೆಲವೇ ತಿಂಗಳಲ್ಲಿ ಸೊರಗಿ, ಎದೆ ಡವಗುಟ್ಟಿ, ನಿದ್ದೆಗೆಟ್ಟರೆ, ‘ಈಕೆಯದು ವಾತದ ಮೈ’ ಎಂದು ಸುಮ್ಮನಾಗುವುದು ಶಾಸ್ತ್ರಕ್ಕೂ ಆಕೆಗೂ ಬಗೆಯುವ ದ್ರೋಹ. ಅದು ಥೈರಾಯಿಡ್ ಗ್ರಂಥಿಯ ದೋಷವಿರಬಹುದು. ಸಕ್ಕರೆ ಕಾಯಿಲೆಯೂ ಇರಬಹುದು. ಆಗ ಬೇಕಾದುದು ವೈದ್ಯರ ಪರೀಕ್ಷೆ, ಮನೆಯವರ ಊಹೆಯಲ್ಲ.

ಆಧುನಿಕ ವಿಜ್ಞಾನವೂ ಈ ವಿಂಗಡಣೆಯತ್ತ ಕಣ್ಣು ಹಾಯಿಸಿದೆ. 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳೊಂದಿಗೆ, ಮಣಿಪಾಲದಲ್ಲಿ ನೆಲೆಸಿದ್ದ ಹೃದಯ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ ಅವರೂ ಪಾಲುಗೊಂಡಿದ್ದರು. 3,416 ಪುರುಷರನ್ನು ಪರೀಕ್ಷಿಸಿ, ಒಂದೊಂದು ದೋಷವೇ ಎದ್ದು ಕಾಣುವ 262 ಮಂದಿಯನ್ನು ಆರಿಸಲಾಯಿತು. ಸಕ್ಕರೆಯ ಅಂಶದ ಬಳಕೆಗೆ ಸಂಬಂಧಿಸಿದ ‘ಪಿಜಿಎಂ1’ ಎಂಬ ಜೀನಿಗೂ ಪಿತ್ತ ಪ್ರಕೃತಿಗೂ ನಂಟು ಕಂಡುಬಂದಿತು. ಇಷ್ಟರಿಂದಲೇ ತ್ರಿದೋಷ ಸಿದ್ಧಾಂತ ಸಾಬೀತಾಯಿತೆನ್ನಲಾಗದು. ಆದರೆ ಮೈಯಿಂದ ಮೈಗೆ ಭೇದವುಂಟೆಂಬ ಹಿರಿಯರ ನೋಟ ಸಂಶೋಧನೆಗೆ ಅರ್ಹವೆಂಬುದಂತೂ ತಿಳಿಯಿತು.

ಈ ಭೇದವನ್ನು ಅರಿತು ನಡೆಸುವುದು ಮನೆಯಲ್ಲಿ ಕಷ್ಟವೇನಲ್ಲ. ಹಿರಿಯವನಿಗೆ ಬಿಸಿಯಾದ, ತುಪ್ಪ ಬೆರೆತ ಊಟ, ವಾರಕ್ಕೊಮ್ಮೆ ಎಣ್ಣೆನೀರು, ಹೊತ್ತಿಗೆ ಸರಿಯಾಗಿ ನಿದ್ದೆ. ಮಗಳಿಗೆ ವೇಳೆಗೆ ತಟ್ಟೆ, ಖಾರ ಕಡಿಮೆ, ಮಜ್ಜಿಗೆಯ ಬದಲು ಹಾಲು. ಕಿರಿಯವನಿಗೆ ಸಿಹಿ ಕಡಿಮೆ, ಸಂಜೆ ಬಯಲಿನಲ್ಲಿ ಓಟ, ಮತ್ತು ಬೆಳಗ್ಗೆ ಇನ್ನೊಂದು ಕಾಲು ಗಂಟೆ ಮುಂಚಿತವಾಗಿ ಮೊದಲನೆಯ ಕೂಗು. ಅವನು ನಿಧಾನವಾಗಿಯೇ ಏಳುತ್ತಾನೆ. ಅವನನ್ನು ಸೋಮಾರಿ ಎನ್ನುವ ಗೊಡವೆ ಮಾತ್ರ ಇನ್ನು ಯಾರಿಗೂ ಬೇಡ.