ಬಿಡುವಿನ ಕೈಗೆ ಕ್ರೋಷಾ ಕಡ್ಡಿ: ಮೂರು ಸಣ್ಣ ಕೆಲಸಗಳು

ಅನೇಕ ಮನೆಗಳಲ್ಲಿ ಹಳೆಯ ಟ್ರಂಕಿನ ತಳವನ್ನು ತಡಕಿದರೆ ಅರ್ಧ ಹೆಣೆದ ಮಂಚದ ಹಾಸೊಂದು ಕೈಗೆ ಸಿಕ್ಕದೆ ಇರದು. ಮದುವೆಗೆ ಮುಂಚೆ ಉತ್ಸಾಹದಿಂದ ಆರಂಭಿಸಿದ ಕೆಲಸವದು. ಆಮೇಲೆ ಸಂಸಾರ, ಮಕ್ಕಳು, ಬಂದುಹೋಗುವ ನೆಂಟರು. ನೂಲಿನ ಉಂಡೆಯು ಕಂದಿತು, ಕಡ್ಡಿಗೆ ತುಕ್ಕು ಹಿಡಿಯಿತು. ಅದನ್ನು ಕಂಡಾಗಲೆಲ್ಲ ಗೃಹಿಣಿಯು ನನ್ನಿಂದ ಆಗಲಿಲ್ಲವೆಂದು ನಿಟ್ಟುಸಿರಿಡುವಳು. ತಪ್ಪು ಆಕೆಯದಲ್ಲ, ಆಕೆ ಆರಿಸಿಕೊಂಡ ಕೆಲಸದ ಅಳತೆಯದು. ಸಣ್ಣದನ್ನು ಹಿಡಿದು ಮುಗಿಸಿದವಳಿಗೆ ದೊಡ್ಡದು ತಾನಾಗಿ ಒಲಿಯುವುದು. ಆದುದರಿಂದ ಎರಡು ಮೂರು ಮಧ್ಯಾಹ್ನಗಳಲ್ಲಿ ಮುಗಿಯತಕ್ಕ, ಮುಗಿದ ಮೇಲೆ ಮನೆಯಲ್ಲಿ ದಿನವೂ ಬಳಕೆಗೆ ಬರತಕ್ಕ ಮೂರು ಕೆಲಸಗಳನ್ನು ವಾಚಕ ಭಗಿನಿಯರ ಮುಂದಿಡುತ್ತೇವೆ. ಅವುಗಳ ಜೊತೆಗೆ ಕೈಕೆಲಸದ ಬೆಲೆಯನ್ನು ಕುರಿತ ಒಂದು ಮಾತೂ ಕೊನೆಯಲ್ಲಿದೆ.

ಸಂಸಾರಸ್ಥೆಗೆ ಈ ಕೆಲಸವೇ ಏಕೆ ಒಪ್ಪುವುದೆಂಬುದಕ್ಕೆ ಕಾರಣವುಂಟು. ಉಣ್ಣೆಯ ಹೆಣಿಗೆಯಲ್ಲಿ ಕಡ್ಡಿಯ ಮೇಲೆ ನೂರಾರು ಕುಣಿಕೆಗಳು ಒಟ್ಟಿಗೆ ಕುಳಿತಿರುವುವು. ಕಡ್ಡಿ ಜಾರಿತೆಂದರೆ ಸಾಲಿಗೆ ಸಾಲೇ ಕಳಚಿಕೊಳ್ಳುವುದು. ಕ್ರೋಷಾದಲ್ಲಿಯಾದರೋ ಬಿಚ್ಚಿಹೋಗಬಲ್ಲ ಕುಣಿಕೆಯು ಯಾವಾಗಲೂ ಒಂದೇ. ಒಲೆಯ ಮೇಲೆ ಹಾಲು ಉಕ್ಕಲಿ, ತೊಟ್ಟಿಲಲ್ಲಿ ಮಗು ಅಳಲಿ, ಆ ಒಂದು ಕುಣಿಕೆಯನ್ನು ಗೇಣುದ್ದ ಎಳೆದಿಟ್ಟು ಎದ್ದುಹೋಗಬಹುದು. ಮರಳಿ ಬಂದಾಗ ಕೆಲಸವು ಬಿಟ್ಟಲ್ಲಿಯೇ ಕಾದಿರುವುದು. ಗೃಹಿಣಿಯ ಬಿಡುವು ಯಾವಾಗಲೂ ಚೂರುಚೂರಾಗಿ ಬರುವಂಥದು. ಚೂರು ಹೊತ್ತಿಗೆ ತಕ್ಕ ಕೆಲಸವಿದು.

ನಮ್ಮ ಸೀಮೆಗೆ ತಕ್ಕ ನೂಲು

ಕ್ರೋಷಾದ ಪುಸ್ತಕಗಳನ್ನು ತೆರೆದರೆ ಉಣ್ಣೆಯ ಟೋಪಿ, ಕಾಲುಚೀಲ, ಶಾಲುಗಳ ಚಿತ್ರಗಳೇ ಹೆಚ್ಚು. ಬಳ್ಳಾರಿಯ ಬಿಸಿಲಿನಲ್ಲಿ ಇವನ್ನು ತೊಡುವವರಾರು? ಆದರೆ ಈ ನೆಲ ಹತ್ತಿಯ ನೆಲ. ಎರೆಭೂಮಿಯ ಹತ್ತಿಯನ್ನು ಸುಧಾರಿಸುವ ಕೆಲಸ ಬಳ್ಳಾರಿಯ ಬಳಿಯ ಹಗರಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಹುಕಾಲ ನಡೆದಿದೆ. ಆ ಕೇಂದ್ರವು ೧೯೦೬ರಷ್ಟು ಹಳೆಯದು. ಇಲ್ಲಿಯ ಮನೆಗೆ ಹತ್ತಿಯ ನೂಲೇ ಸರಿ. ಅದು ಬೆವರನ್ನು ಹೀರುವುದು, ಕುದಿನೀರಿನ ಒಗೆತವನ್ನು ತಾಳುವುದು, ಬಿಸಿ ಪಾತ್ರೆಗೆ ಕರಗದು.

ಬೇಕಾದ ಸಾಮಾನು ಸ್ವಲ್ಪವೇ. ದಪ್ಪ ಹತ್ತಿ ನೂಲಿನ ಒಂದು ಉಂಡೆ ಮತ್ತು ಅದಕ್ಕೆ ೩ ಮಿಲಿಮೀಟರಿನ ಕಡ್ಡಿ. ೨೦ನೆಯ ನಂಬರಿನ ತೆಳು ನೂಲು ಮತ್ತು ಅದಕ್ಕೆ ೧.೨೫ ಮಿಲಿಮೀಟರಿನ ಉಕ್ಕಿನ ಕಡ್ಡಿ; ಒಂದು ಕತ್ತರಿ; ತುದಿ ಮೊಂಡಾದ ದೊಡ್ಡ ಕಣ್ಣಿನ ಸೂಜಿ. ನೂಲಿನ ನಂಬರು ಏರಿದಷ್ಟೂ ಎಳೆ ತೆಳುವಾಗುವುದೆಂಬುದನ್ನು ಕೊಳ್ಳುವಾಗ ನೆನಪಿಡಬೇಕು.

ನಾಲ್ಕು ಮೂಲ ಹೆಣಿಗೆಗಳು

ಸರಪಳಿ: ನೂಲಿನ ತುದಿಯಲ್ಲಿ, ಎಳೆದರೆ ಬಿಗಿಯಾಗುವ ಒಂದು ಕುಣಿಕೆಯನ್ನು ಮಾಡಿ ಕಡ್ಡಿಗೆ ಏರಿಸಬೇಕು. ನೂಲನ್ನು ಕಡ್ಡಿಯ ಕೊಕ್ಕೆಗೆ ಸುತ್ತಿ ಆ ಕುಣಿಕೆಯ ಒಳಗಿನಿಂದ ಎಳೆದರೆ ಒಂದು ಸರಪಳಿಯಾಯಿತು.

ಜಾರುಗಂಟು: ಕಣ್ಣಿನಲ್ಲಿ ಕಡ್ಡಿಯನ್ನು ತೂರಿಸಿ, ನೂಲನ್ನು ಆ ಕಣ್ಣಿನಿಂದಲೂ ಕಡ್ಡಿಯ ಮೇಲಿನ ಕುಣಿಕೆಯಿಂದಲೂ ಒಂದೇ ಸಲ ಎಳೆಯತಕ್ಕದ್ದು. ಸುತ್ತನ್ನು ಕೂಡಿಸುವುದಕ್ಕೆ ಇದು ಬೇಕು.

ಗಿಡ್ಡ ಕಂಬ: ಕಣ್ಣಿನಲ್ಲಿ ಕಡ್ಡಿ ತೂರಿಸಿ ನೂಲನ್ನೆಳೆದರೆ ಕಡ್ಡಿಯ ಮೇಲೆ ೨ ಕುಣಿಕೆಗಳಾಗುವುವು. ಮತ್ತೆ ನೂಲು ಸುತ್ತಿ ಎರಡರಿಂದಲೂ ಒಟ್ಟಿಗೆ ಎಳೆಯಬೇಕು.

ಉದ್ದ ಕಂಬ: ಮೊದಲೇ ಕಡ್ಡಿಗೆ ಒಂದು ಸುತ್ತು ನೂಲು ಹಾಕಿ, ಕಣ್ಣಿನಲ್ಲಿ ತೂರಿಸಿ ನೂಲನ್ನೆಳೆದರೆ ೩ ಕುಣಿಕೆಗಳು. ನೂಲು ಸುತ್ತಿ ಎರಡರಿಂದ ಎಳೆಯಬೇಕು. ಮತ್ತೆ ಸುತ್ತಿ ಉಳಿದೆರಡರಿಂದ ಎಳೆಯಬೇಕು.

ಇಂಗ್ಲಿಷ್ ಪುಸ್ತಕವನ್ನು ನೋಡಿ ಕಲಿಯುವವರಿಗೊಂದು ಎಚ್ಚರಿಕೆ. ನಮ್ಮ ಗಿಡ್ಡ ಕಂಬವನ್ನು ಅಮೆರಿಕದವರು ‘ಸಿಂಗಲ್ ಕ್ರೋಷೆ’ ಎನ್ನುವರು. ಬ್ರಿಟಿಷರು ಅದನ್ನೇ ‘ಡಬಲ್ ಕ್ರೋಷೆ’ ಎನ್ನುವರು. ಉದ್ದ ಕಂಬವು ಅಮೆರಿಕದವರಿಗೆ ‘ಡಬಲ್’, ಬ್ರಿಟಿಷರಿಗೆ ‘ಟ್ರೆಬಲ್’. ಪುಸ್ತಕವು ಯಾವ ದೇಶದ್ದೆಂದು ನೋಡದೆ ಆರಂಭಿಸಿದರೆ ಹೆಣೆದದ್ದನ್ನೆಲ್ಲ ಬಿಚ್ಚಬೇಕಾದೀತು.

ಮೊದಲನೆಯದು: ಮಸಿಬಟ್ಟೆ

ಇದಕ್ಕೆ ಸರಪಳಿ ಮತ್ತು ಗಿಡ್ಡ ಕಂಬ ಬಂದರೆ ಸಾಕು. ದಪ್ಪ ನೂಲಿನಿಂದ ೨೬ ಸರಪಳಿ ಹಾಕಿ, ಕಡ್ಡಿಯಿಂದ ಎರಡನೆಯ ಸರಪಳಿಯಲ್ಲಿ ಮೊದಲ ಗಿಡ್ಡ ಕಂಬವನ್ನು ಹೆಣೆಯತಕ್ಕದ್ದು. ಸಾಲು ಮುಗಿದಾಗ ೨೫ ಕಂಬಗಳಾಗುವುವು. ಒಂದು ಸರಪಳಿ ಹಾಕಿ, ಕೆಲಸವನ್ನು ಹೊರಳಿಸಿ, ಪ್ರತಿ ಕಂಬದ ತಲೆಯ ಎರಡೆಳೆಗಳ ಕೆಳಗೆ ಒಂದೊಂದು ಗಿಡ್ಡ ಕಂಬ ಹಾಕುತ್ತ ಹೋಗಬೇಕು. ಅಗಲದಷ್ಟೇ ಉದ್ದವಾದಾಗ, ಎಂದರೆ ಸುಮಾರು ೫ ಅಂಗುಲದ ಚೌಕವಾದಾಗ, ನಿಲ್ಲಿಸಬೇಕು. ಕಲಿಯುವವರ ಚೌಕವು ತುದಿಗೆ ಬರಬರುತ್ತ ಕಿರಿದಾಗುವುದು ಸಾಮಾನ್ಯ. ಸಾಲಿನ ಕೊನೆಯ ಕಂಬವನ್ನು ಬಿಟ್ಟುಬಿಡುವುದೇ ಅದಕ್ಕೆ ಕಾರಣ. ಸಾಲುಸಾಲಿಗೂ ೨೫ನ್ನು ಎಣಿಸಿದರೆ ಅಂಚು ನೆಟ್ಟಗಿರುವುದು.

ಇಂಥ ಎರಡು ಚೌಕಗಳನ್ನು ಹೆಣೆದು, ನಡುವೆ ಜೀನ್ಸ್ ಬಟ್ಟೆಯ ಒಂದು ಚೂರನ್ನಿಟ್ಟು, ಸುತ್ತಲೂ ಗಿಡ್ಡ ಕಂಬದಿಂದ ಕೂಡಿಸಬೇಕು. ಜೀನ್ಸಿನ ಹೊಲಿಗೆಗೆ ದೇಶದಲ್ಲೆಲ್ಲ ಹೆಸರಾದ ಬಳ್ಳಾರಿಯಲ್ಲಿ ಅಂಥ ಚೂರಿಗೆ ಬರವಿಲ್ಲ. ಒಂದು ಮೂಲೆಯಲ್ಲಿ ೧೦ ಸರಪಳಿಯ ಕುಣಿಕೆಯನ್ನು ಬಿಟ್ಟರೆ ಗೂಟಕ್ಕೆ ತಗುಲಿಸಬಹುದು. ನೂಲೂ ಚೂರೂ ಅಪ್ಪಟ ಹತ್ತಿಯವೇ ಆಗಿರಲಿ. ಬಣ್ಣಕ್ಕೆ ಮರುಳಾಗಿ ಅಕ್ರಿಲಿಕ್ ನೂಲನ್ನು ತಂದರೆ, ಕಾದ ಪಾತ್ರೆಗೆ ಅದು ಕರಗಿ ಕೈ ಸುಡುವ ಅಪಾಯವುಂಟು.

ಎರಡನೆಯದು: ತಂಬಿಗೆಯ ಮುಚ್ಚಿಗೆ

ಬೇಸಿಗೆಯಲ್ಲಿ ಕುಡಿಯುವ ನೀರಿನ ತಂಬಿಗೆಯನ್ನು ತೆರೆದಿಟ್ಟರೆ ನೊಣ ಬೀಳುವುದು. ಬರಿಯ ಬಟ್ಟೆಯನ್ನು ಮುಚ್ಚಿದರೆ ಗಾಳಿಗೆ ಹಾರುವುದು. ಅಂಚಿಗೆ ಮಣಿ ಕಟ್ಟಿದ ದುಂಡು ಮುಚ್ಚಿಗೆಯು ತನ್ನ ಭಾರಕ್ಕೆ ತಾನೇ ಕುಳಿತಿರುವುದು.

ತೆಳು ನೂಲಿಗೆ ಮೊದಲೇ ೨೧ ಮಣಿಗಳನ್ನು ಪೋಣಿಸಿ ಹಿಂದಕ್ಕೆ ಸರಿಸಿಟ್ಟುಕೊಳ್ಳಬೇಕು. ಮಕ್ಕಳ ಹರಿದ ಸರದ ಮಣಿಗಳಾದರೂ ಆದೀತು. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಹೋದಾಗ ಕೊಂಡ ಅಗ್ಗದ ಸರವಾದರೂ ಆದೀತು. ೬ ಸರಪಳಿ ಹಾಕಿ ಜಾರುಗಂಟಿನಿಂದ ಬಳೆಯಾಗಿ ಕೂಡಿಸಬೇಕು.

ಮೊದಲ ಸುತ್ತು: ೩ ಸರಪಳಿ (ಇದನ್ನೇ ಒಂದು ಉದ್ದ ಕಂಬವೆಂದು ಎಣಿಸಬೇಕು), ಬಳೆಯೊಳಗೆ ೧೧ ಉದ್ದ ಕಂಬ, ಒಟ್ಟು ೧೨. ಪ್ರತಿ ಸುತ್ತಿನ ಕೊನೆಗೂ ಮೂರನೆಯ ಸರಪಳಿಗೆ ಜಾರುಗಂಟು.

ಎರಡನೆಯ ಸುತ್ತು: ಪ್ರತಿ ಕಂಬದ ತಲೆಯಲ್ಲಿ ೨ ಕಂಬ, ಒಟ್ಟು ೨೪.

ಮೂರನೆಯ ಸುತ್ತು: ಒಂದರಲ್ಲಿ ೧, ಮುಂದಿನದರಲ್ಲಿ ೨, ಒಟ್ಟು ೩೬.

ನಾಲ್ಕನೆಯ ಸುತ್ತು: ಎರಡರಲ್ಲಿ ಒಂದೊಂದು, ಮುಂದಿನದರಲ್ಲಿ ೨, ಒಟ್ಟು ೪೮.

ಹೀಗೆ ಸುತ್ತಿಗೆ ೧೨ರಂತೆ ಏರಿಸುತ್ತ ಏಳನೆಯ ಸುತ್ತಿಗೆ ೮೪ ಕಂಬಗಳಾಗುವುವು. ದುಂಡು ಹೆಣಿಗೆಯ ಗುಟ್ಟೆಲ್ಲ ಈ ೧೨ರಲ್ಲಿದೆ. ಏರಿಕೆ ಕಡಿಮೆಯಾದರೆ ಹೆಣಿಗೆಯು ಬಟ್ಟಲಿನಂತೆ ಮೇಲೇಳುವುದು. ಹೆಚ್ಚಾದರೆ ಲಂಗದಂತೆ ನಿರಿಗೆ ಕಟ್ಟುವುದು. ಸರಿಯಾದರೆ ರೊಟ್ಟಿಯಂತೆ ಚಪ್ಪಟೆಯಾಗಿ ಕೂಡುವುದು. ತಂಬಿಗೆಯ ಬಾಯಿ ಅಗಲವಾಗಿದ್ದರೆ ಎಂಟನೆಯ ಸುತ್ತನ್ನೂ ಹಾಕಿ ೯೬ ಕಂಬ ಮಾಡಬಹುದು. ಆಗ ಮಣಿಗಳು ೨೪ ಬೇಕು.

ಅಂಚು: ೨ ಸರಪಳಿ ಹಾಕಿ, ಒಂದು ಮಣಿಯನ್ನು ಕಡ್ಡಿಯ ಬಳಿಗೆ ತಂದು, ೧ ಸರಪಳಿಯಿಂದ ಅದನ್ನು ಬಂಧಿಸಿ, ಮತ್ತೆ ೨ ಸರಪಳಿ ಹಾಕಬೇಕು, ೩ ಕಂಬಗಳನ್ನು ಬಿಟ್ಟು ನಾಲ್ಕನೆಯದರಲ್ಲಿ ಗಿಡ್ಡ ಕಂಬ. ಸುತ್ತು ಮುಗಿಯುವಾಗ ೨೧ ಕುಣಿಕೆಗಳೂ ೨೧ ಮಣಿಗಳೂ ಸರಿಹೋಗುವುವು.

ಮೂರನೆಯದು: ಕರವಸ್ತ್ರದ ಅಂಚು

ಅಂಚು ಮಡಿಸಿ ಹೊಲಿದ ಬಿಳಿಯ ಹತ್ತಿ ಬಟ್ಟೆಗೆ ಇದನ್ನು ಹಾಕತಕ್ಕದ್ದು. ದಿಂಬಿನ ಚೀಲಕ್ಕೂ ಮಗುವಿನ ಅಂಗಿಯ ಕೊರಳಿಗೂ ಇದೇ ಕ್ರಮ. ತೆಳು ಕಡ್ಡಿಯಿಂದ ಬಟ್ಟೆಯ ಅಂಚನ್ನು ಚುಚ್ಚಿ ಒಂದು ಗಿಡ್ಡ ಕಂಬ, ೨ ಸರಪಳಿ, ಕಾಲು ಅಂಗುಲ ಬಿಟ್ಟು ಮತ್ತೊಂದು ಗಿಡ್ಡ ಕಂಬ, ಹೀಗೆ ಸುತ್ತಲೂ. ಬಟ್ಟೆ ಗಟ್ಟಿಯಾಗಿದ್ದರೆ ಮೊದಲು ದಪ್ಪ ಸೂಜಿಯಿಂದ ರಂಧ್ರ ಮಾಡಿಕೊಳ್ಳಬೇಕು. ಎರಡನೆಯ ಸುತ್ತಿನಲ್ಲಿ, ಒಂದು ಸಂದಿಯಲ್ಲಿ ೫ ಉದ್ದ ಕಂಬ, ಮುಂದಿನ ಸಂದಿಯಲ್ಲಿ ೧ ಗಿಡ್ಡ ಕಂಬ. ಐದೈದು ಕಂಬಗಳು ಬಿಚ್ಚಿಕೊಂಡು ಚಿಕ್ಕ ಬೀಸಣಿಗೆಗಳ ಸಾಲಿನಂತೆ ಕಾಣುವುವು. ಮೂಲೆಯಲ್ಲಿ ೭ ಹಾಕಿದರೆ ಎಳೆತವಾಗದು.

ಮುಗಿದ ಕೆಲಸವನ್ನು ಒಗೆದು, ಅನ್ನ ಬಸಿದ ತಿಳಿಗಂಜಿಯಲ್ಲಿ ಅದ್ದಿ, ಚಾಪೆಯ ಮೇಲೆ ಕೈಯಿಂದ ತಿದ್ದಿ ಹರಡಿ, ನೆರಳಿನಲ್ಲಿ ಒಣಗಿಸಬೇಕು. ತುಂಗಭದ್ರೆಯ ನೀರುಂಡ ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಗಂಜಿಗೆ ಕೊರತೆಯೇನು?

ಕೈಕೆಲಸದ ಬೆಲೆ

ಇನ್ನು ಹೇಳಬೇಕಾದ ಮಾತು. ಈ ಕೆಲಸವು ಮನೆಯೊಳಗಿನದೆಂಬ ಕಾರಣದಿಂದಲೇ ಅದಕ್ಕೆ ಬೆಲೆಯಿಲ್ಲವೆಂದು ಎಣಿಸುವುದು ರೂಢಿಯಾಗಿದೆ. ೧೮೪೫ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೆಟ್ಟು ಘೋರ ಕ್ಷಾಮ ಬಂದಾಗ, ಅಲ್ಲಿಯ ಎಷ್ಟೋ ಸಂಸಾರಗಳಿಗೆ ಹೆಂಗಸರು ಹೆಣೆದ ಕ್ರೋಷಾ ಲೇಸೇ ಅನ್ನವಾಯಿತು. ನಮ್ಮ ನೆರೆಯ ಆಂಧ್ರದ ನರಸಾಪುರದಲ್ಲಿ ೧೮೪೪ರ ಸುಮಾರಿಗೆ ಸ್ಕಾಟ್ಲೆಂಡಿನ ಮಿಶನರಿ ದಂಪತಿಗಳು ಈ ಕೆಲಸವನ್ನು ಕಲಿಸಿದರು. ಅಲ್ಲಿಯ ಲೇಸು ಕಡಲು ದಾಟಿ ಮಾರಾಟವಾಯಿತು. ೨೦೨೪ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಆದರೆ ಮಾರಿಯಾ ಮೀಸ್ ಎಂಬ ವಿದುಷಿಯು ೧೯೮೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದಂತೆ, ದಿನದಲ್ಲಿ ಹಲವು ತಾಸು ದುಡಿದರೂ ಆ ಹೆಂಗಸರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ. ಮನೆಯಲ್ಲಿ ಕುಳಿತು ಹೊತ್ತು ಕಳೆಯುವವರೆಂದೇ ಅವರನ್ನು ಕರೆದರು. ಕೂಲಿಯೂ ಅದಕ್ಕೆ ತಕ್ಕಂತೆ ಅತ್ಯಲ್ಪವಾಯಿತು.

ಇದು ದೂರದ ಊರಿನ ಕಥೆಯಷ್ಟೇ ಅಲ್ಲ. ಸೀರೆಯ ಸೆರಗಿಗೆ ಕ್ರೋಷಾ ಕುಚ್ಚು ಹಾಕಿಕೊಡುವ ಕೆಲಸವು ಇಂದು ಕರ್ನಾಟಕದ ಊರೂರುಗಳಲ್ಲಿ ಹಬ್ಬಿದೆ. ಸೀರೆಗಿಷ್ಟೆಂದು ದರ ಹೇಳುವವರು ತಾಸನ್ನು ಲೆಕ್ಕಕ್ಕೆ ಹಿಡಿಯುವುದು ಅಪರೂಪ. ಹೆಣೆಯುವವಳೂ ಹಿಡಿಯದಿದ್ದರೆ ಮತ್ತಾರು ಹಿಡಿಯಬೇಕು? ಅಂಗಡಿಯಲ್ಲಿ ದೊರೆಯುವ ನಿಜವಾದ ಕ್ರೋಷಾವೆಲ್ಲ ಇಂದಿಗೂ ಕೈಕೆಲಸವೇ. ಯಂತ್ರದ ಅಗ್ಗದೊಡನೆ ಅದನ್ನು ಹೋಲಿಸಿ ಬೆಲೆ ಇಳಿಸುವುದು ನ್ಯಾಯವಲ್ಲ.

ಆದುದರಿಂದ ಈ ಮೂರು ವಸ್ತುಗಳನ್ನು ಹೆಣೆಯುವಾಗ ಒಂದು ಚೀಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿರಿ. ಕುಳಿತಾಗಲೂ ಎದ್ದಾಗಲೂ ಹೊತ್ತನ್ನು ಬರೆಯಿರಿ. ಮುಗಿದ ಮೇಲೆ ನೂಲಿನ ಬೆಲೆ, ಮಣಿಯ ಬೆಲೆ, ಒಟ್ಟು ತಾಸುಗಳು ಇವನ್ನು ಕೂಡಿಸಿ ನೋಡಿರಿ. ತಾಸಿನ ಬೆಲೆಯನ್ನು ಹೇಗೆ ಕಟ್ಟುವುದೆಂದು ತಿಳಿಯದಿದ್ದರೆ, ನಿಮ್ಮ ಊರಿನಲ್ಲಿ ಹತ್ತಿ ಬಿಡಿಸುವವಳಿಗೆ ಅಥವಾ ಭತ್ತ ನಾಟಿ ಮಾಡುವವಳಿಗೆ ದಿನದ ಕೂಲಿ ಎಷ್ಟೆಂದು ಕೇಳಿ, ತಾಸಿಗೆ ಹಂಚಿಕೊಳ್ಳಿರಿ. ಅದಕ್ಕಿಂತ ಕಡಿಮೆಗೆ ಯಾರಾದರೂ ಕೇಳಿದರೆ ಇಲ್ಲವೆನ್ನಲು ಸಂಕೋಚಪಡಬೇಡಿರಿ.

ಮಾರುವ ಯೋಚನೆಯೇ ಇಲ್ಲದವರಿಗೂ ಈ ಲೆಕ್ಕ ವ್ಯರ್ಥವಲ್ಲ. ಆರು ತಾಸಿನ ಮುಚ್ಚಿಗೆಯನ್ನು ತವರಿಗೆ ಕೊಂಡೊಯ್ದು ಅತ್ತಿಗೆಯ ಕೈಗಿಡುವಾಗ, ಕೊಟ್ಟದ್ದು ಆರು ತಾಸಿನ ಪ್ರೀತಿಯೆಂದು ಕೊಟ್ಟವಳಿಗೂ ಪಡೆದವಳಿಗೂ ತಿಳಿದಿರುವುದು. ಮೊದಲು ಮಸಿಬಟ್ಟೆ, ಆಮೇಲೆ ಮುಚ್ಚಿಗೆ, ಕೊನೆಗೆ ಅಂಚು. ಈ ಮೂರೂ ಮುಗಿದ ಬಳಿಕ ಟ್ರಂಕಿನ ತಳದ ಆ ಹಳೆಯ ಮಂಚದ ಹಾಸನ್ನು ಹೊರತೆಗೆದು ನೋಡಿರಿ. ಕೈ ತಾನಾಗಿಯೇ ಕಡ್ಡಿಯನ್ನು ಹುಡುಕೀತು.